ಬಿಸಿನೀರು ಕೂಡಲೇ ಹೊರಡತಕ್ಕದ್ದು

ನಮ್ಮ ಮನೆಯಲ್ಲಿ ಬಿಸಿನೀರು ಬೇಕಾದವರು ಬಸ್ ನಿಲ್ದಾಣದ ಭಾಷೆಯಲ್ಲಿ ಕೇಳಬೇಕು. "ಗೀಜರ್ ಹಚ್ಚು" ಎಂದು ಸಾವಿರ ಸಲ ಹೇಳಿದರೂ ಅದು ಹತ್ತುವುದಿಲ್ಲ. ಮೂಗಿನಲ್ಲಿ ತುಸು ಗಾಳಿ ತುಂಬಿಕೊಂಡು, ಕೊನೆಯ ಅಕ್ಷರವನ್ನು ರಬ್ಬರಿನ ಹಾಗೆ ಎಳೆದು, "ಗಮನಿಸೀ… ಛಾವಣಿ ಟಾಕಿ ಮಾರ್ಗವಾಗಿ ಬಚ್ಚಲಿಗೆ ಹೋಗುವ ಬಿಸಿನೀರು ಕೂಡಲೇ ಹೊರಡತಕ್ಕದ್ದೂ…" ಎಂದು ಕೂಗಿದರೆ ಮಾತ್ರ ಗೋಡೆಯೊಳಗಿನಿಂದ ಟಿಣ್ ಎಂದು ಒಪ್ಪಿಗೆ ಬರುತ್ತದೆ.

ದಿನಾ ಬೆಳಗ್ಗೆ ನನ್ನ ಗಂಡ ಓಂಕಾರ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಬಚ್ಚಲ ಬಾಗಿಲಲ್ಲಿ ನಿಂತು, ತನ್ನ ತಾಯಿಯ ದನಿಯಲ್ಲಿ ಹೀಗೆ ಕೂಗುತ್ತಾನೆ. ಉಳಿದ ಹೊತ್ತಿನಲ್ಲಿ ಅವನ ಮಾತು "ಹ್ಞೂಂ" ಒಂದೇ. ಮಾವ ಹೆಸರಿಟ್ಟದ್ದು ಓಂಕಾರ, ನನಗೆ ಸಿಕ್ಕಿದ್ದು ಹೂಂಕಾರ.

ಗೋಡೆಯೊಳಗೆ ಇರುವವನು ಗಣಕಪ್ಪ. ಕಂಪನಿಯವರು ಬೇರೇನೋ ಹೆಸರಿಟ್ಟಿದ್ದರು; ಗಣಕಯಂತ್ರಕ್ಕೆ ಹುಬ್ಬಳ್ಳಿಯಲ್ಲಿ ಮನೆಯೊಳಗೆ ಜಾಗ ಕೊಟ್ಟ ಮೇಲೆ ಹೆಸರಿನ ಹಿಂದೆ ಒಂದು "ಅಪ್ಪ" ಹಚ್ಚದಿದ್ದರೆ ಹೇಗೆ? ನೀರಿನ ಮೋಟರು, ಛಾವಣಿಯ ಸೋಲಾರು, ಒಲೆ, ಫ್ಯಾನು, ಬಾಗಿಲು, ಅತ್ತೆಯ ಬಿಪಿ ಗುಳಿಗೆಯ ಹೊತ್ತು, ಎಲ್ಲವೂ ಅವನ ಉಸ್ತುವಾರಿ. ಅವನು ಕೇಳುವುದು ಯಜಮಾನರ ದನಿಯನ್ನು ಮಾತ್ರ. ಕಳ್ಳರ ಭಯಕ್ಕೆ ಆ ದನಿಯನ್ನು ಒಂದೇ ಸಲ, ಕೂಡಿಸುವ ದಿನವೇ ಕಲಿಸಬೇಕಿತ್ತು. ಆಮೇಲೆ ಬದಲಿಸುವ ಹಾಗಿರಲಿಲ್ಲ.

ಯಜಮಾನರು ನನ್ನ ಅತ್ತೆ ಶಶಿಕಲಾ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕುಳಿತು ಗದಗ, ಕೊಪ್ಪಳ, ಹೊಸಪೇಟೆ ಎಂದು ಊರುಗಳನ್ನು ಮಣಿಯ ಹಾಗೆ ಪೋಣಿಸಿದವರು. ನಾಲ್ಕನೇ ಅಂಕಣದ ಗಾಡಿ ಆರನೇ ಅಂಕಣಕ್ಕೆ ಬಂದರೆ ನೂರಾರು ಜನ ಗಂಟುಮೂಟೆ ಸಮೇತ ಓಡಿದ್ದು ಇವರ ಒಂದು ಮಾತಿಗೆ. ಅವರು ನಿವೃತ್ತರಾದ ದಿನ ಆ ಕುರ್ಚಿಗೆ ಬೇರೆಯವರು ಬರಲಿಲ್ಲ. ಒಂದು ಯಂತ್ರ ಬಂತು. ಹಾರ ಹಾಕಿಸಿಕೊಂಡು ಬಂದ ಅತ್ತೆ ಹಾರವನ್ನು ಮೊಳೆಗೆ ತೂಗುಹಾಕಿ ಎರಡು ದಿನ ಮಾತಾಡಲಿಲ್ಲವಂತೆ.

ಅದಾದ ಮೂರು ತಿಂಗಳಿಗೆ ನಾನು ಸೊಸೆಯಾಗಿ ಬಂದೆ. ಎಂಟು ತಿಂಗಳ ಮೇಲೆ ಗಣಕಪ್ಪ ಬಂದ. ಅವನು ಬಂದ ದಿನ ಅತ್ತೆ ಮನೆಯಲ್ಲಿರಲಿಲ್ಲ; ಪಂಚಮಿಗೆಂದು ಅಣ್ಣಿಗೇರಿಯ ತವರಿಗೆ ಹೋಗಿದ್ದರು.

"ಯಜಮಾನ್ರು ಶಶಿಕಲಾ ಅಂತ ಐತ್ರಿ ಇಲ್ಲೆ," ಎಂದ ಯಂತ್ರ ಕೂಡಿಸಲು ಬಂದ ಕಂಪನಿಯವನು, ಹಣೆಯ ಬೆವರು ಒರೆಸಿಕೊಳ್ಳುತ್ತ. "ಒಂದು ಹತ್ತು ವಾಕ್ಯ ಮಾತಾಡಿಬಿಡ್ರಿ. ನನಗ ಇನ್ನೂ ಮೂರು ಮನಿ ಅದಾವು."

ನಾನು ಹೊರಗೆ ಹೊರಟು ನಿಂತಿದ್ದ ಗಂಡನ ಮುಖ ನೋಡಿದೆ. "ಹ್ಞೂಂ," ಎಂದ.

ಕಾಲೇಜಿನ ಯುವಜನೋತ್ಸವದಲ್ಲಿ ನಮ್ಮ ಪ್ರಿನ್ಸಿಪಾಲರನ್ನೂ ಅವರ ಸ್ಕೂಟರನ್ನೂ ಒಂದೇ ಉಸಿರಿನಲ್ಲಿ ಅಣಕಿಸಿ ಮೊದಲ ಬಹುಮಾನ ಪಡೆದವಳು ನಾನು. ಹೊಸ ಸೊಸೆಯಾಗಿ ಎಂಟು ತಿಂಗಳು ಬಾಯಿ ಮುಚ್ಚಿಕೊಂಡು ನಾಲಿಗೆಗೆ ತುರಿಕೆ ಹತ್ತಿತ್ತು. ಅತ್ತೆಯ ಬಸ್ ನಿಲ್ದಾಣದ ದನಿಗೆ ಇನ್ನಷ್ಟು ಮೂಗು, ಇನ್ನಷ್ಟು ಎಳೆತ ಹಚ್ಚಿ, ಹತ್ತು ವಾಕ್ಯ ಕೂಗಿಯೇಬಿಟ್ಟೆ. ಬಂದವನು ನಗುತ್ತ ನಗುತ್ತ ತನ್ನ ಹತಾರದ ಪೆಟ್ಟಿಗೆಯ ಮೇಲೆ ಕುಳಿತ. ನಗು ಮುಗಿಯುವಷ್ಟರಲ್ಲಿ ಗಣಕಪ್ಪನ ಹಸಿರು ದೀಪ ಹತ್ತಿತ್ತು.

ಮರುದಿನ ಅತ್ತೆ ಪಂಚಮಿ ಉಂಡೆಯ ಡಬ್ಬಿ ಹಿಡಿದು ಬಂದರು. ಹೊಸ ಯಂತ್ರದ ಮುಂದೆ ನಿಂತು ಮೆತ್ತಗೆ, "ಫ್ಯಾನ್ ಹಚ್ಚಪ್ಪಾ," ಎಂದರು.

"ಕ್ಷಮಿಸಿ. ತಾವು ಯಾರೆಂದು ತಿಳಿಯಲಿಲ್ಲ," ಎಂದ ಗಣಕಪ್ಪ.

ಸ್ವಂತ ಮನೆಯಲ್ಲಿ! ಅತ್ತೆಯ ಮುಖ ಬಿಗಿಯಿತು. ಡ್ಯೂಟಿಯ ದನಿ ತೆಗೆದರು. ಆಗಲೂ ಇಲ್ಲ. ಸಿಟ್ಟು ಬಂದು ಮೂಗು ಇನ್ನಷ್ಟು ಉಬ್ಬಿಸಿ, ಇನ್ನಷ್ಟು ಎಳೆದು ಕೂಗಿದರು. ಟಿಣ್! ಫ್ಯಾನು ತಿರುಗಿತು.

"ನೋಡಿದ್ಯಾ ಶ್ರಾವಣೀ? ಸುಮ್ಮನ ಮಾತಾಡಿದ್ರ ಕೇಳಂಗಿಲ್ಲ. ಇದಕ್ಕ ನನ್ನ ಡ್ಯೂಟಿ ದನಿನ ಬೇಕು!" ಎಂದು ನನ್ನತ್ತ ತಿರುಗಿದಾಗ ಅವರ ಮುಖದಲ್ಲಿ ಎಂಟು ತಿಂಗಳಲ್ಲಿ ನಾನು ಕಾಣದ ಬೆಳಕಿತ್ತು. "ಅಲ್ಲೆ ಒಂದು ಯಂತ್ರ ನನ್ನ ಮೈಕ್ ಕಸಗೊಂತು. ಇಲ್ಲೆ ಒಂದು ಯಂತ್ರ, ನಿನ್ನ ದನಿ ಬಿಟ್ರ ಬ್ಯಾರೆ ಬ್ಯಾಡ ಅಂತೈತಿ."

ಆ ಮುಖಕ್ಕೆ ಎದುರಾಗಿ ಹೇಗೆ ಹೇಳುವುದು, ಅದು ಕೇಳುತ್ತಿರುವುದು ನಿಮ್ಮ ದನಿಯನ್ನಲ್ಲ, ನಾನು ಮಾಡಿದ ನಿಮ್ಮ ಅಣಕವನ್ನು ಎಂದು? ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆ "ಆಮೇಲೆ"ಗೆ ಈಗ ಹನ್ನೊಂದು ವರ್ಷ. ಬಂದುಹೋಗುವವರಿಗೆಲ್ಲ ಅತ್ತೆ ಈ ಸಂಗತಿ ಹೇಳುತ್ತ ಬಂದರು. ಓಂಕಾರ ಅವರನ್ನು ನೋಡಿ ಕಲಿತ. ಮನೆ ನಿಧಾನವಾಗಿ ಬಸ್ ನಿಲ್ದಾಣವಾಯಿತು. ನಿಜ ಹೇಳಬೇಕೆಂದರೆ ಬಹಳ ಸುಖದ ಬಸ್ ನಿಲ್ದಾಣ.

*

ಮೊನ್ನೆ ಸೋಮವಾರ ಊಟದ ಹೊತ್ತಿಗೆ ಗಣಕಪ್ಪ ತಾನಾಗಿ ಬಾಯಿಬಿಟ್ಟ.

"ಯಜಮಾನರ ಗಮನಕ್ಕೆ. ನನ್ನಲ್ಲಿರುವುದು ವರ್ಷನ್ ನಾಲ್ಕು. ಇದನ್ನು ವರ್ಷನ್ ಒಂಬತ್ತಕ್ಕೆ ಅಪ್‌ಗ್ರೇಡ್ ಮಾಡುವ ಅವಕಾಶ ಈ ತಿಂಗಳ ಕೊನೆಯವರೆಗೆ ಮಾತ್ರ. ಬೇಡವೆಂದರೆ ನಾನು ಹೀಗೆಯೇ ಇರುತ್ತೇನೆ."

"ಒಂಬತ್ತರಾಗ ಏನೈತಿ?" ಎಂದು ಅತ್ತೆ ನನ್ನನ್ನು ಕೇಳಿದರು. ನನ್ನನ್ನೇ ಕೇಳಬೇಕು. ಏಕೆಂದರೆ ಒಂಬತ್ತನ್ನು ತಯಾರಿಸಿದ ಧಾರವಾಡದ ಕಂಠಪಾಠ ಲ್ಯಾಬಿನಲ್ಲೇ ನನಗೆ ನೌಕರಿ.

"ಅಂಥಾದ್ದೇನಿಲ್ರಿ ಅತ್ತಿ. ವರ್ಷಕ್ಕೊಂದು ವರ್ಷನ್ ತರ್ತಾರ. ಹೆಸರು ಬದಲಿ, ಬಣ್ಣ ಬದಲಿ."

"ಅದರಾಗ ಮೆತ್ತಗ ಮಾತಾಡಿದ್ರೂ ಕೇಳ್ತೈತಂತಲ್ಲ? ಬಾಜೂಮನಿ ಸರೋಜಾ ಹೇಳಿದ್ಳು."

ಅತ್ತೆ ಹೀಗೆ ಕೇಳಲಿಕ್ಕೆ ಕಾರಣವಿತ್ತು. ಎರಡು ತಿಂಗಳಿಂದ ಅತ್ತೆಯ ದನಿ ಒಡೆದಿತ್ತು. ಗಂಟಲ ಡಾಕ್ಟರು ಸಣ್ಣ ಕ್ಯಾಮರಾ ಇಳಿಸಿ ನೋಡಿ, ದನಿಯ ತಂತಿಗಳ ಮೇಲೆ ಗಂಟು ಕಟ್ಟಿದೆ, ಕೂಗುವುದು ಬಿಡಿ ಎಂದಿದ್ದರು. ಗಂಟಲಿಗೆ ಗಂಟು ಬೀಳುವುದೆಂದರೆ ಇದೇ ಎಂದು ನಾನು ನಗೆಯಾಡಿದ್ದೆ. ಅತ್ತೆಯೂ ನಕ್ಕಿದ್ದರು, ಸದ್ದಿಲ್ಲದೆ.

"ಹೊಸಾದು ಬಂದ್ರ ಹಳೇ ರೂಢಿ ಎಲ್ಲಾ ಮರೀತೈತೇನೋ ನೋಡಬೇಕ್ರಿ," ಎಂದು ರೊಟ್ಟಿಯ ಚೂರನ್ನು ಪಲ್ಯದಲ್ಲಿ ಅದ್ದಿ ಬಾಯಿ ತುಂಬಿಕೊಂಡೆ. ಬಾಯಿ ತುಂಬಿದ್ದರೆ ಸುಳ್ಳು ಕಡಿಮೆ ಹೇಳಬೇಕಾಗುತ್ತದೆ.

"ನೀ ನೋಡಿ ಹೇಳು," ಎಂದರು ಅತ್ತೆ. "ಒಪ್ಪಿಗಿ ನಾ ಕೊಡಬೇಕಂತ. ಆದ್ರ ತಿಳಿದಾಕಿ ನೀನು. ನೀ ಹ್ಞೂಂ ಅಂದ್ರ ಹ್ಞೂಂ, ಬ್ಯಾಡ ಅಂದ್ರ ಬ್ಯಾಡ."

"ಹ್ಞೂಂ," ಎಂದ ಓಂಕಾರ, ಯಾವುದಕ್ಕೋ.

*

ಲ್ಯಾಬಿನಲ್ಲಿ ನನ್ನ ಕೆಲಸ ಸಂಬಳ ತೆಗೆದುಕೊಂಡು ಸುಳ್ಳು ದನಿ ಹೊರಡಿಸುವುದು. ಯಂತ್ರಕ್ಕೆ ನಿಜವಾದ ಯಜಮಾನರ ದನಿ ಕಲಿಸಿರುತ್ತಾರೆ. ನಾನು ಅವರನ್ನು ಅಣಕಿಸಿ ಯಂತ್ರಕ್ಕೆ ಮೋಸ ಮಾಡಲು ನೋಡುತ್ತೇನೆ. ವರ್ಷನ್ ಆರರವರೆಗೆ ನಾನೇ ಗೆಲ್ಲುತ್ತಿದ್ದೆ. ಏಳರಲ್ಲಿ ಸಮಸಮ. ಒಂಬತ್ತು ಬಂದ ಮೇಲೆ ಒಂದು ದಿನವೂ ಗೆದ್ದಿಲ್ಲ.

ಅದಕ್ಕೆ ಕಾರಣ ನಮ್ಮ ಇಂಜಿನಿಯರ್ ನವಾಜ್ ಬಿಡಿಸಿದ ಗಂಟಲ ನಕ್ಷೆ. ಪರದೆಯ ಮೇಲೆ ಒಂದು ಬಾಯಿ, ಒಂದು ಕೊಳವೆ, ಒಂದು ಮೂಗು ಮೂಡುತ್ತವೆ. ದನಿಯೆಂದರೆ ಈ ಗೂಡಿನಲ್ಲಿ ಸುಳಿದು ಹೊರಬಂದ ಗಾಳಿ. ನಾಲಿಗೆಯನ್ನು ಬೇಕಾದ ಹಾಗೆ ತಿರುಚಬಹುದು, ಮೂಗನ್ನು ಉಬ್ಬಿಸಬಹುದು. ಗಂಟಲಿನ ಉದ್ದ, ಬಾಯಿಯ ಮೇಲ್ಛಾವಣಿಯ ಕಮಾನು, ಹಲ್ಲಿನ ಸಂದು ಮಾತ್ರ ಬದಲಾಗುವುದಿಲ್ಲ. ಒಂಬತ್ತು ಮಾತನ್ನು ಕೇಳಿ ಗೂಡನ್ನು ಕಟ್ಟಿ ನೋಡುತ್ತದೆ. ಯಾರನ್ನೇ ಅಣಕಿಸಿ, ಗೂಡು ನಿಮ್ಮದೇ.

"ನವಾಜ್, ಹಳೇ ಮನಿಗೆ ಒಂಬತ್ತು ಹಾಕಿದ್ರ ಮೊದಲಿನ ರೆಕಾರ್ಡಿಂಗ್ ಏನಾಗ್ತಾವು?" ಎಂದು ಕೇಳಿದೆ, ಚಹಾದ ಕಪ್ಪಿನೊಳಗೆ ನೋಡುತ್ತ.

"ಎಲ್ಲಾ ಸೋಸ್ತೈತ್ರಿ ಮೇಡಂ. ಯಾವ ಮಾತು ಯಾರ ಗಂಟಲದ್ದು ಅಂತ ವಿಂಗಡಿಸಿ, ಮನಿ ಮಂದಿ ಮುಂದ ಗಟ್ಟಿಯಾಗಿ ಓದ್ತೈತಿ. ಯಾರರೆ ಕಳ್ಳದನಿ ಒಳಗ ಹೊಕ್ಕಿದ್ರ ಗೊತ್ತಾಗಬೇಕಲ್ರಿ."

"ಓದದಂಗ ಮಾಡಾಕ ಬರಂಗಿಲ್ಲೇನು? ಪಾಪ, ಮನಿಯೊಳಗಿನ ವಿಚಾರ…"

ನವಾಜ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಹೋದ ವರ್ಷದ ಮೀಟಿಂಗಿನ್ಯಾಗ ಟೇಬಲ್ ಕುಟ್ಟಿ ಹೇಳಿದವರು ನೀವ ಅಲ್ರಿ? 'ಅಣಕು ದನಿಯಿಂದ ಮೋಸ ಹೋದವರಿಗೆ ಸತ್ಯ ಕೇಳೋ ಹಕ್ಕೈತಿ, ಗಟ್ಟಿಯಾಗೇ ಓದಬೇಕು' ಅಂತ?"

ಹೌದು, ನಾನೇ. ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು.

ಆ ದಿನ ಸಂಜೆಯವರೆಗೂ ಯಂತ್ರದ ಮುಂದೆ ಕುಳಿತು ಅತ್ತೆಯ ದನಿಯನ್ನು ಹದಿನೇಳು ಬಗೆಯಲ್ಲಿ ಹೊರಡಿಸಿದೆ. ಮೂಗು ಹಿಡಿದುಕೊಂಡು, ಬಾಯಿಗೆ ಅಡಿಕೆ ಹಾಕಿಕೊಂಡು, ಕತ್ತು ಚಾಚಿ. ಹದಿನೇಳು ಸಲವೂ ಪರದೆಯ ಮೇಲೆ ಒಂದೇ ಸಾಲು: ಮಾತನಾಡಿದವರು ಶ್ರಾವಣಿ.

ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ, "ಹಳೇದ ಚಲೋ ಐತ್ರಿ ಅತ್ತಿ. ಇರಲಿ ಬಿಡ್ರಿ," ಎಂದೆ.

"ಆತು ಬಿಡು," ಎಂದು ಅತ್ತೆ ಕೊತ್ತಂಬರಿ ಸೋಸುವುದನ್ನು ಮುಂದುವರಿಸಿದರು. ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ನನಗೆ ಸಮಾಧಾನವಾಗಬೇಕಿತ್ತು.

*

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನಕ್ಕೆ ಮನೆ ತಲುಪಿದೆ. ಬಾಗಿಲು ಹಾಕಿತ್ತು, ಅಡಿಗೆಮನೆಯ ಕಿಟಕಿ ತೆರೆದಿತ್ತು. ಅತ್ತೆ ಸ್ಟೂಲಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಕ್ಯಾಲೆಂಡರಿನ ಹಾಳೆಯ ಚೂರು, ಮುಂದೆ ಬಿಸಿನೀರಿನ ಲೋಟ.

ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಗಣಕಪ್ಪನಿಗೆ ಹೇಳಬೇಕಾದವರು ಅವರೊಬ್ಬರೇ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅತ್ತೆ ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದರು. ತಾಸಿಗೊಮ್ಮೆ ಮಾತ್ರ ಬಾಯಿ ತೆರೆಯುವುದು. ಅಷ್ಟರವರೆಗೆ ಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು, ದಾರಿಯ ಊರುಗಳ ಹಾಗೆ ಜೋಡಿಸಿ, ಒಂದೇ ಟ್ರಿಪ್ಪಿನಲ್ಲಿ ಕೂಗಿಬಿಡುವುದು.

ಎರಡು ಗುಟುಕು ಬಿಸಿನೀರು ಕುಡಿದರು. ಕಣ್ಣು ಮುಚ್ಚಿ ಮೂಗು ಉಬ್ಬಿಸಿದರು.

"ಗಮನಿಸೀ… ಮೋಟರು, ಫ್ಯಾನು ಮಾರ್ಗವಾಗಿ ಒಲಿಗೆ…"

ಅಲ್ಲಿಗೆ ದನಿ ತುಂಡಾಯಿತು. ಗಾಳಿ ಬಂತು, ಸದ್ದು ಬರಲಿಲ್ಲ.

"ಕ್ಷಮಿಸಿ. ತಾವು ಯಾರೆಂದು ತಿಳಿಯಲಿಲ್ಲ," ಎಂದ ಗಣಕಪ್ಪ.

ಅತ್ತೆ ಚೀಟಿಯನ್ನು ಮಡಚಿ, ಮತ್ತೆ ಲೋಟ ಎತ್ತಿಕೊಂಡರು. ಒಲೆಯ ಮೇಲೆ ಹಾಲು ಏರುತ್ತಿತ್ತು. ಎರಡನೇ ಸಲ ಪ್ರಯತ್ನಿಸಿದರು. ಕತ್ತಿನ ನರಗಳು ಕಿಟಕಿಯಾಚೆಗೂ ಕಾಣುವಷ್ಟು ಎದ್ದು ನಿಂತವು. "ಕ್ಷಮಿಸಿ," ಎಂದ ಅವನು. ಹಾಲು ಉಕ್ಕಿ ಕಟ್ಟೆಯ ಮೇಲೆ ಹರಿಯಿತು. ಅತ್ತೆ ಇಕ್ಕಳದಿಂದ ಪಾತ್ರೆ ಇಳಿಸಿ, ಉರಿಯುತ್ತಲೇ ಇದ್ದ ಒಲೆಯನ್ನು ನೋಡುತ್ತ ನಿಂತರು.

ಕಿಟಕಿಯಾಚೆಯಿಂದ ನಾನೇ ಕೂಗಿದೆ. ಒಲೆ ಆರಿತು, ಬಾಗಿಲು ತೆರೆಯಿತು. ಒಳಗೆ ಹೋದವಳು ಬ್ಯಾಗು ಇಳಿಸುವ ಮೊದಲೇ ಹೇಳಿದೆ.

"ಅತ್ತಿ, ಗಣಕಪ್ಪ ಕೇಳೋದು ನಿಮ್ಮ ದನಿ ಅಲ್ರಿ. ನನ್ನದು."

"ಏನಂದಿ?"

ಪಂಚಮಿ, ತವರು, ಹತಾರದ ಪೆಟ್ಟಿಗೆ, ಹತ್ತು ವಾಕ್ಯ, ಒಂದನ್ನೂ ಬಿಡದೆ ಹೇಳಿದೆ. ಒಂಬತ್ತು ಬಂದರೆ ಇದೆಲ್ಲ ಬಯಲಾಗುತ್ತದೆಂದು ಹೆದರಿ ಬೇಡ ಅಂದದ್ದನ್ನೂ ಹೇಳಿದೆ. ಅತ್ತೆ ಕಟ್ಟೆಯ ಮೇಲಿನ ಹಾಲನ್ನು ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಅಂದ್ರ," ಎಂದರು ಕೊನೆಗೆ, ಒಡೆದ ದನಿಯಲ್ಲಿ, "ಹನ್ನೊಂದು ವರ್ಷ ನನ್ನ ಮನ್ಯಾಗ ನಾನ ನನ್ನ ಅಣಕ ಮಾಡ್ಕೊಂತ ಕುಂತೀನಿ."

"ಹೌದ್ರಿ."

ಅರಿವೆ ಹಿಂಡಿ ಹಾಕಿ ತಮ್ಮ ಕೋಣೆಗೆ ಹೋದರು. ಆ ಸಂಜೆ ಮನೆಯಲ್ಲಿ ಒಂದು ಗಾಡಿಯೂ ಹೊರಡಲಿಲ್ಲ. ಓಂಕಾರ ಬಂದವನು ಬಚ್ಚಲ ಬಾಗಿಲಲ್ಲಿ ನಿಂತು ಮೂಗು ಉಬ್ಬಿಸಿದ. ನನ್ನ ಮುಖ ನೋಡಿ ಮೂಗನ್ನು ಇಳಿಸಿಕೊಂಡು ತಣ್ಣೀರಲ್ಲೇ ಸ್ನಾನ ಮುಗಿಸಿದ.

*

ಮರುದಿನ ಬೆಳಗಿನ ಚಹಾ ಆದ ಮೇಲೆ ಅತ್ತೆ ಹೊರಬಂದರು.

"ಆ ಹತ್ತು ವಾಕ್ಯ ಅದರಾಗ ಇನ್ನೂ ಅದಾವೇನು?"

"ಅದಾವ್ರಿ."

"ಹಚ್ಚು."

ಹಚ್ಚಿದೆ. ಅತ್ತೆ ಕನ್ನಡಕ ತೆಗೆದಿಟ್ಟು, ಒಂದು ಕೈಯನ್ನು ಕಿವಿಗೆ ಒತ್ತಿ ಕುಳಿತರು, ಡ್ಯೂಟಿಯಲ್ಲಿ ಕೂತವರ ಹಾಗೆ. ಹನ್ನೊಂದು ವರ್ಷದ ಹಿಂದಿನ ನನ್ನ ಬಾಯಿ ಕೋಣೆಯ ತುಂಬ ಮೊಳಗಿತು.

"ನಿಲ್ಲಿಸು. ಮೂರನೇದು ತಪ್ಪು. ಗದಗ ಬಿಟ್ಟು ಕೊಪ್ಪಳ ಹ್ಯಾಂಗ ಬಂತು? ಗಾಡಿ ಹಾರಿ ಹೋಗ್ತೈತೇನು?"

"ತಪ್ಪಾತ್ರಿ."

"ಮುಂದ… ಏಳನೇದರಾಗ ನಿನಗ ಉಸಿರು ಸಾಲಿಲ್ಲ. ಎರಡೂರಿನ ನಡುವ ಉಸಿರು ತಗೋಬೇಕು, ಊರ ಹೆಸರಿನ್ಯಾಗಲ್ಲ… ಎಂಟನೇದು ಚಲೋ ಐತಿ. ಮುಂದ."

ಒಂಬತ್ತನೆಯದು ಶುರುವಾಯಿತು. "ಪ್ರಯಾಣಿಕರ ಗಮನಕ್ಕೇ… ಕೆಂಪು ಅಂಗಿ ತೊಟ್ಟ ಓಂಕಾರ ಎಂಬ ಗಂಡ ಕಳೆದಿದ್ದಾನೇ… ಸಿಕ್ಕವರು ವಾಪಸು ಕೊಡಬೇಕಾಗಿಲ್ಲಾ…"

"ಹ್ಞೂಂ?" ಎಂದ ಓಂಕಾರ, ಪೇಪರಿನಿಂದ ತಲೆಯೆತ್ತಿ.

ಅತ್ತೆಯ ಭುಜ ಅಲುಗತೊಡಗಿತು. ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು ಬಂತು, ಕೆಮ್ಮಿನೊಳಗೂ ನಕ್ಕರು. ನಾನು ನೀರು ತಂದುಕೊಟ್ಟೆ. ಕುಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು:

"ಅಣಕ ಮಾಡಿದ್ದಕ್ಕ ನನಗ ಸಿಟ್ಟಿಲ್ಲ. ಆ ದನಿ ನನ್ನದಲ್ಲ, ಆ ಕುರ್ಚೀದು. ಮೂವತ್ತೊಂದು ವರ್ಷ ಡ್ಯೂಟಿ ಮಾಡಿದೆ, ಹನ್ನೊಂದು ವರ್ಷ ಓವರ್‌ಟೈಮ್ ಆತು."

"ಬಂದವರಿಗೆಲ್ಲ ಹೆಮ್ಮಿಂದ ಹೇಳ್ತಿದ್ರೆಲ್ರಿ…"

"ಹೆಮ್ಮಿ ಇತ್ತು, ಮೊದಲ ಎರಡು ವರ್ಷ. ಆಮ್ಯಾಲೆ ನೀವಿಬ್ಬರೂ ಕೂಗ್ತಿದ್ರಿ, ನಗ್ತಿದ್ರಿ. ಮನಿ ಚಂದ ಇತ್ತು. ನಡೀಲಿ ಅಂತ ನಾನೂ ನಡಸಿದೆ." ಲೋಟ ಕೆಳಗಿಟ್ಟರು. "ಆದ್ರ ಹಳೇದ ಚಲೋ ಐತಿ ಅಂದೆಲ್ಲ ಶ್ರಾವಣೀ, ಅದು ಚುಚ್ಚಿತು. ನಾ ನಿನ್ನ ಕೇಳಿದ್ದೆ."

ಅವರ ಕಾಲ ಹತ್ತಿರ ಕುಳಿತೆ. ಅವರು ನನ್ನ ತಲೆಯ ಮೇಲೊಂದು ಸಣ್ಣ ಏಟು ಕೊಟ್ಟರು. "ಇನ್ನ ಏಳು. ಒಂಬತ್ತು ಹಾಕಬೇಕೋ ಬ್ಯಾಡೋ, ಈಗ ಹೇಳು."

"ಹಾಕಬೇಕ್ರಿ."

"ಹಂಗಾದ್ರ ಒಪ್ಪಿಗಿ ನೀನ ಕೂಗು. ಆ ದನಿ ಹುಟ್ಟಿಸಿದಾಕಿ ನೀನ."

ಎದ್ದು ನಿಂತು ಮೂಗು ಉಬ್ಬಿಸಿದೆ. "ಗಮನಿಸೀ… ವರ್ಷನ್ ನಾಲ್ಕರಿಂದ ವರ್ಷನ್ ಒಂಬತ್ತಕ್ಕೆ ಹೋಗುವ ಗಣಕಪ್ಪ ಕೂಡಲೇ ಹೊರಡತಕ್ಕದ್ದೂ…"

ಟಿಣ್.

ನಲವತ್ತು ನಿಮಿಷ ಮನೆ ಸುಮ್ಮನಿತ್ತು. ಬಳಿಕ ಹೊಸ ಗಣಕಪ್ಪ ಗಂಟಲು ಸರಿಮಾಡಿಕೊಳ್ಳದೆಯೇ ಓದತೊಡಗಿದ.

"ಮೊದಲ ದನಿ: ಶ್ರಾವಣಿ. ಶಶಿಕಲಾ ಅವರ ಅನುಕರಣೆ. ಎರಡನೇ ದನಿ: ಶಶಿಕಲಾ. ಶ್ರಾವಣಿಯವರು ಮಾಡಿದ ಶಶಿಕಲಾ ಅವರ ಅನುಕರಣೆಯ ಅನುಕರಣೆ. ಮೂರನೇ ದನಿ: ಓಂಕಾರ. ಅನುಕರಣೆ. ಗುಣಮಟ್ಟ ಸಾಧಾರಣ."

"ಸಾಧಾರಣ ಅಂದ್ರೇನು?" ಎಂದ ಓಂಕಾರ ಎದ್ದು ನಿಂತು. "ಹನ್ನೊಂದು ವರ್ಷ ದಿನಾ ಬಿಸಿನೀರು ಕೊಟ್ಟೈತಿ, ಈಗ ಸಾಧಾರಣ ಅಂತೇನು?" ಒಂದೇ ಉಸಿರಿಗೆ ಇಷ್ಟು ಮಾತು ಅವನ ಬಾಯಿಂದ ಬಂದದ್ದನ್ನು ಅತ್ತೆಯೂ ನಾನೂ ಗೌರವದಿಂದ ಕೇಳಿದೆವು.

"ಯಜಮಾನರು ದಯವಿಟ್ಟು ಹತ್ತು ವಾಕ್ಯ ಮಾತನಾಡಿ," ಎಂದ ಗಣಕಪ್ಪ.

ಅತ್ತೆ ಕುರ್ಚಿ ಎಳೆದು ಅವನ ಮುಂದೆ ಕುಳಿತರು. ನನ್ನತ್ತ ಒಂದು ಓರೆನೋಟ ಬೀರಿ, ಕತ್ತನ್ನು ಒಂದು ಕಡೆ ವಾಲಿಸಿ, ರಾಗವಾಗಿ ಹೇಳಿದರು: "ಅತ್ತೀ… ನನಗ ಇವತ್ತ ಮೀಟಿಂಗ್ ಐತ್ರೀ… ರೊಟ್ಟಿ ನೀವ ಬಡೀತೀರೇನ್ರೀ?"

ನಾನೇ! ಆ ವಾಲಿದ ಕತ್ತು, ಆ "ರೀ"ಯ ಬೆಲ್ಲ, ಎಲ್ಲವೂ ನನ್ನದೇ. ಹನ್ನೊಂದು ವರ್ಷ ಎಲ್ಲಿ ಅಡಗಿಸಿಟ್ಟಿದ್ದರೋ!

"ಮಾತನಾಡಿದವರು ಶಶಿಕಲಾ. ಶ್ರಾವಣಿಯವರ ಅನುಕರಣೆ. ಗುಣಮಟ್ಟ ಅತ್ಯುತ್ತಮ," ಎಂದ ಗಣಕಪ್ಪ. "ದಯವಿಟ್ಟು ಸ್ವಂತ ದನಿಯಲ್ಲಿ ಮಾತನಾಡಿ."

ಅತ್ತೆ ನಗುತ್ತಲೇ ಬಾಯಿ ತೆರೆದರು. ರೂಢಿಯಂತೆ ಮೂಗು ಉಬ್ಬಿತು. ಅಲ್ಲಿಗೇ ತಡೆದರು. ಬಾಯಿ ಮುಚ್ಚಿ, ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು, ಏನನ್ನೋ ಹುಡುಕುವವರಂತೆ ನೆಲ ನೋಡಿದರು. ಲ್ಯಾಬಿನಲ್ಲಿ ಸಾವಿರ ದನಿ ಕೇಳಿದ್ದೇನೆ. ಈ ಮನೆಯಲ್ಲಿ ಒಂದನ್ನು ನಾನು ಇನ್ನೂ ಸರಿಯಾಗಿ ಕೇಳಿರಲಿಲ್ಲ.

ಅದು ಬಂತು. ಸಣ್ಣದು, ತುಸು ಒಡೆದದ್ದು, ಸೊಪ್ಪು ಸೋಸುತ್ತ ತನಗೆ ತಾನೇ ಮಾತಾಡಿಕೊಳ್ಳುವವರ ದನಿ.

"ನೀರು ಕಾಸಪ್ಪಾ," ಎಂದರು. "ಅವಸರ ಏನಿಲ್ಲ."

ಬಚ್ಚಲಲ್ಲಿ ಗೀಜರಿನ ದೀಪ ಹತ್ತಿತು. "ಮುಂದುವರಿಸಿ," ಎಂದ ಗಣಕಪ್ಪ.

ಅತ್ತೆ ಕಾಲು ಮಡಚಿ ಕುರ್ಚಿಯ ಮೇಲೆ ಸರಿಯಾಗಿ ಕೂತರು. "ನೀವ್ಯಾಕ ನಿಂತೀರಿ? ಕುಂದರ್ರಿ," ಎಂದು ನಮಗೂ ಹೇಳಿ, ಅಣ್ಣಿಗೇರಿಯ ಮನೆಯ ಹಿತ್ತಲಿನ ಬಾವಿಯಿಂದ ಶುರು ಮಾಡಿದರು. ನೀರು ಕಾಯುವಷ್ಟರಲ್ಲಿ ಹತ್ತು ವಾಕ್ಯ ದಾಟಿ ಬಹಳ ದೂರ ಹೋಗಿದ್ದರು. ಸಾಕು ಎಂದು ಗಣಕಪ್ಪನೂ ಹೇಳಲಿಲ್ಲ, ನಾವ್ಯಾರೂ ಹೇಳಲಿಲ್ಲ.